ಗುಜರಿಯಲ್ಲಿ ಸಿಕ್ಕ ಡಯಲ್ ಫೋನನ್ನು ಮತ್ತೆ ಮಾತಾಡಿಸುವುದು

ಹಳೆ ಡಯಲ್ ಫೋನ್ ಕೈಗೆ ಸಿಕ್ಕ ಕೂಡಲೇ ಜನ ಬಟ್ಟೆ, ಪಾಲಿಶ್ ಹುಡುಕುತ್ತಾರೆ. ನನ್ನ ಲೆಕ್ಕದಲ್ಲಿ ಅದು ಕಟ್ಟಕಡೆಯ ಕೆಲಸ. ಮೊದಲು ಡಯಲ್ ಸರಿಯಾಗಿ ತಿರುಗಬೇಕು. ಆಮೇಲೆ ಗಂಟೆ ಹೊಡೆಯಬೇಕು. ಆಮೇಲೆ ಮಾತು ಕೇಳಬೇಕು. ಇಷ್ಟೂ ಆದ ಮೇಲೆ ಬೇಕಿದ್ದರೆ ಹೊಳಪು. ಸುಮ್ನೆ ಶೋಕೇಸಿನಲ್ಲಿ ಇಡೋಕೆ ಬೇಕು ಅನ್ನುವವರಿಗೆ ಒಂದು ಒದ್ದೆ ಬಟ್ಟೆ ಸಾಕು, ಮುಂದೆ ಓದುವ ಶ್ರಮ ಬೇಡ.

ನಾನು ರಾಯಚೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವನು. ಬೋರ್‌ವೆಲ್ ಮೋಟರ್, ಸೀಲಿಂಗ್ ಫ್ಯಾನ್, ಕೂಲರ್ ಪಂಪ್ ಎಲ್ಲಾ ಸುಟ್ಟುಕೊಂಡು ನನ್ನ ಹತ್ತಿರ ಬರುತ್ತವೆ. ನಮ್ಮ ಊರಿನ ಬೇಸಿಗೆ ಎಂಥದ್ದು ಅಂತ ಗೊತ್ತಲ್ಲ, ಆಗ ಊಟಕ್ಕೂ ಪುರುಸೊತ್ತಿರಲ್ಲ. ಮಳೆ ಬಿದ್ದ ಮೇಲೆ ಕೆಲಸ ಕಡಿಮೆಯಾಗುತ್ತದೆ. ಆಗ ಟೇಬಲ್ ಮೇಲೆ ಫೋನುಗಳು ಬರುತ್ತವೆ. ಹಾಗಾಗಿ ನಾನು ಹೇಳುವುದೆಲ್ಲ ಒಬ್ಬ ವೈಂಡಿಂಗ್‌ನವನ ರೀತಿ.

ಎಲ್ಲಿ ಹುಡುಕಬೇಕು, ಏನು ನೋಡಬೇಕು

ಇದು ಹತ್ತಿಯ ಊರು. ರಾಜೇಂದ್ರ ಗಂಜಿನ ದಲಾಲಿ ಅಂಗಡಿಗಳು, ಜಿನ್ನಿಂಗ್ ಮಿಲ್ಲುಗಳು, ಎಣ್ಣೆ ಮಿಲ್ಲುಗಳು, ಎಲ್ಲರ ವ್ಯಾಪಾರ ನಡೆದದ್ದು ಫೋನಿನ ಮೇಲೆ. ಆದೋನಿಯಲ್ಲಿ ರೇಟ್ ಎಷ್ಟು, ಗುಂಟೂರಿನಲ್ಲಿ ಎಷ್ಟು ಅಂತ ದಿನಾ ಕೇಳಬೇಕಲ್ವಾ? ಗಾದಿಯ ಪಕ್ಕ ಕೂತಿದ್ದ ಆ ಕರಿ ಫೋನು ಈಗ ಅಟ್ಟದ ಮೇಲೋ ಗುಜರಿಯವರ ಗೋಣಿಚೀಲದಲ್ಲೋ ಇರುತ್ತದೆ. ಗಂಗಾವತಿ ಕಡೆಯ ಅಕ್ಕಿ ಗಿರಣಿಗಳು, ಹಳೆ ಲಾಡ್ಜುಗಳು, ಬಾಗಿಲು ಹಾಕಿದ ಕ್ಲಿನಿಕ್ಕುಗಳು, ಇವೂ ಒಳ್ಳೆ ಜಾಗ. ಮನೆ ರಿಪೇರಿ ಮಾಡಿಸುವವರ ಗಾರೆ ಮೇಸ್ತ್ರಿಯ ಪರಿಚಯ ಇದ್ದರೆ ಇನ್ನೂ ಒಳ್ಳೆಯದು. ಅಟ್ಟ ಖಾಲಿ ಮಾಡುವುದು ಅವರೇ ತಾನೇ.

ಗುಜರಿ ಅಂಗಡಿಯವರಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ಸುತ್ತಿಗೆ ತಗೊಂಡು ಒಡೆದು, ಗಂಟೆ ಬೇರೆ, ತಾಮ್ರ ಬೇರೆ ಮಾಡಿ ತೂಕಕ್ಕೆ ಹಾಕಿಬಿಡುತ್ತಾರೆ.

"ಭಾಯ್, ಡಯಲ್ ಫೋನ್ ಬಂದ್ರ ಒಡೀಬ್ಯಾಡ್ರಿ. ನನಗ ಹೇಳ್ರಿ."

"ಅದರಾಗ ಏನೈತ್ರಿ ಸಾಹೇಬ್ರ, ಕಾಲು ಕೆಜಿ ತಾಮ್ರ ಸೈತ ಬರಂಗಿಲ್ಲ!"

ಹೀಗೆ ನಗುತ್ತಾರೆ, ಆದರೆ ಎತ್ತಿಡುತ್ತಾರೆ. ತೂಕದ ಬೆಲೆಗಿಂತ ಒಂದಿಷ್ಟು ಜಾಸ್ತಿ ಕೊಡಿ, ಮುಂದಿನದೂ ನಿಮಗೇ ಬರುತ್ತದೆ. ಬಾಡಿ ಒಡೆಯದ, ಒಳಗಿನದೆಲ್ಲ ಇರುವ ಕರಿ ಫೋನಿಗೆ ನಾನು ಸಾವಿರದವರೆಗೆ ಕೊಟ್ಟೇನು, ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಅಂಗಡಿಯಲ್ಲಿ ನಿಂತೇ ನಾಲ್ಕು ವಿಷಯ ನೋಡಿಕೊಳ್ಳಬಹುದು. ಸೊನ್ನೆಯ ತೂತಿಗೆ ಬೆರಳು ಹಾಕಿ ಪೂರ್ತಿ ತಿರುಗಿಸಿ ಬಿಡಿ. ಒಂದೇ ವೇಗದಲ್ಲಿ ಟಿರ್‍ರ್ ಅನ್ನುತ್ತಾ ವಾಪಸ್ ಬಂದರೆ ಚಿನ್ನ. ಅರ್ಧಕ್ಕೆ ನಿಂತರೂ ಹೆದರಬೇಡಿ, ಅದು ಹಳೆ ಎಣ್ಣೆ ಗಟ್ಟಿಯಾಗಿ ಆಗುವುದು, ಬೆಲೆ ಇಳಿಸೋಕೂ ಒಳ್ಳೆ ಕಾರಣ. ಸದ್ದೇ ಇಲ್ಲದೆ ಸಡಿಲವಾಗಿ ಸುತ್ತಿದರೆ ಮಾತ್ರ ಸ್ಪ್ರಿಂಗ್ ಹೋಗಿದೆ. ಆಮೇಲೆ ಫೋನನ್ನು ಮೆಲ್ಲಗೆ ಅಲ್ಲಾಡಿಸಿ, ಗಂಟೆ ಠಣ್ ಅನ್ನಬೇಕು. ರಿಸೀವರಿನ ಎರಡೂ ತುದಿಯ ಮುಚ್ಚಳ ತಿರುಗಿಸಿ ಬಿಚ್ಚಿ ನೋಡಿ. ಕಿವಿಯ ಕಡೆಯ ಬಿಲ್ಲೆ ಎಷ್ಟೋ ಫೋನುಗಳಲ್ಲಿ ಇರುವುದೇ ಇಲ್ಲ, ಮ್ಯಾಗ್ನೆಟ್ ಆಸೆಗೆ ಮಕ್ಕಳು ಕಿತ್ತಿರುತ್ತಾರೆ. ಕಡೆಗೆ ಒಂದರ ತೂತಿನ ಸುತ್ತ ಗೀರು ಇದೆಯಾ ನೋಡಿ. ಆ ತೂತಿಗೆ ಪುಟ್ಟ ಬೀಗ ಹಾಕುತ್ತಿದ್ದರು, ಬೇರೆಯವರು ಫೋನ್ ಮಾಡಬಾರದು ಅಂತ. ಗೀರು ಇದ್ದರೆ ಬೇಸರ ಬೇಡ, ಅದು ನಿಜವಾಗಿ ದುಡಿದ ಫೋನು. (ಬೀಗ ಹಾಕಿದರೂ ಜಾಣರು ರಿಸೀವರ್ ಇಡುವ ಕೊಂಡಿಯನ್ನೇ ಟಕಟಕ ಕುಟ್ಟಿ ನಂಬರ್ ಹೊಡೆಯುತ್ತಿದ್ದರು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.)

ತಳ ತಿರುಗಿಸಿ ಗುರುತು ಓದಿ. ನಮ್ಮಲ್ಲಿ ಸಿಗುವುದರಲ್ಲಿ ಹೆಚ್ಚಿನವು ಐಟಿಐನವು, ಅಂದರೆ ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಮಾಡಿದವು. ಆಗ ಫೋನು ಇಲಾಖೆಯ ಸೊತ್ತು, ನಾವು ಬಾಡಿಗೆ ಕೊಟ್ಟು ಬಳಸುತ್ತಿದ್ದೆವು. ಅಂಚೆ ಮತ್ತು ತಂತಿ ಇಲಾಖೆ 1985ರಲ್ಲಿ ಎರಡಾಯಿತು. ಹಾಗಾಗಿ ಪಿ ಅಂಡ್ ಟಿ ಅಂತ ಒತ್ತಿದ್ದರೆ ಅದಕ್ಕಿಂತ ಹಿಂದಿನದು ಅಂತ ಅಂದಾಜು ಮಾಡಬಹುದು.

ಎರಡು ತರಹದ ಫೋನು ಮಾತ್ರ ಬೇಡ. ಒಂದು, ರೈಲ್ವೆ ಗುರುತಿನದು. ನಮ್ಮದು ಮುಂಬೈ–ಚೆನ್ನೈ ಲೈನಿನ ಊರು, ಅಂಥ ಕೈ ತಿರುಗಿಸುವ ಫೋನುಗಳು ಆಗಾಗ ಗುಜರಿಗೆ ಬರುತ್ತವೆ. ರೈಲ್ವೆ ಹರಾಜಿನ ಕಾಗದ ಇಲ್ಲದಿದ್ದರೆ ಮುಟ್ಟಬೇಡಿ. ರೈಲ್ವೆ ಸೊತ್ತು ಅಕ್ರಮವಾಗಿ ಇಟ್ಟುಕೊಂಡವರಿಗೆ ಅಂತಲೇ 1966ರ ಕಾಯ್ದೆ ಇದೆ. ಇನ್ನೊಂದು, ಥಳಥಳ ಹಿತ್ತಾಳೆಯ "ರಾಜರ ಕಾಲದ" ಫೋನು. ಡಯಲಿನ ತೂತಿನೊಳಗೆ ಬೆರಳಿಟ್ಟು ಒತ್ತಿ ನೋಡಿ. ಬಟನ್ ಇದ್ದರೆ ಅದು ಮೊನ್ನೆ ಮೊನ್ನೆ ಮಾಡಿದ ಅಲಂಕಾರದ ಸಾಮಾನು.

ಬಿಚ್ಚುವ ಮುಂಚೆ

ಲೈನಿಗೆ ಸಿಕ್ಕಿಸಿದ ಫೋನನ್ನು ಎಂದೂ ಬಿಚ್ಚಬೇಡಿ. ಸುಮ್ಮನಿದ್ದಾಗ ಲೈನಿನಲ್ಲಿ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ, ಅದು ಅಷ್ಟಾಗಿ ಗೊತ್ತಾಗಲ್ಲ. ರಿಂಗ್ ಬರುವಾಗ ಸುಮಾರು 75 ವೋಲ್ಟ್ ಎಸಿ ಬರುತ್ತದೆ, ಅದು ಚೆನ್ನಾಗಿಯೇ ಗೊತ್ತಾಗುತ್ತದೆ.

ತಳದ ಸ್ಕ್ರೂ ಬಿಚ್ಚಿದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಯಾವ ಬಣ್ಣದ ತಂತಿ ಯಾವ ಸ್ಕ್ರೂಗೆ ಅಂತ ಕಾಣಬೇಕು. ಒಳಗೆ ಕುಂಬಾರ ಹುಳದ ಮಣ್ಣಿನ ಗೂಡು, ಜಿರಳೆ ಮೊಟ್ಟೆ, ಇಲಿ ಕಡಿದ ದಾರ ಸಿಕ್ಕೇ ಸಿಗುತ್ತದೆ. ಗೂಡಿಗೆ ನೀರು ಹಾಕಿ ನೆನೆಸಬೇಡಿ, ಒಣಗಿದ್ದಾಗಲೇ ಬಿದಿರು ಕಡ್ಡಿಯಿಂದ ಎಬ್ಬಿಸಿ. ದೂಳಿಗೆ ಪೇಂಟ್ ಬ್ರಷ್ ಸಾಕು. ನಮ್ಮ ಅಂಗಡಿಯಲ್ಲಿ ಮೋಟರಿಗೆ ಬಳಸುವ ಬ್ಲೋವರ್ ಇದೆ, ಆದರೂ ಫೋನಿನ ಹತ್ತಿರ ತರುವುದಿಲ್ಲ. ಬೆಲ್ಲಿನ ತಂತಿ ತುಂಬಾ ಸಣ್ಣ, ಒಂದೇ ಗಾಳಿಗೆ ಹರಿದು ಹೋದೀತು.

ಡಯಲ್

ಇದರ ಕೆಲಸ ಅರ್ಥವಾದರೆ ರಿಪೇರಿ ಅರ್ಧ ಮುಗಿದ ಹಾಗೆ. ಫೋನಿಗೆ ಬರುವುದು ಎರಡೇ ತಂತಿ. ರಿಸೀವರ್ ಎತ್ತಿದರೆ ಒಳಗಿನ ಸ್ವಿಚ್ ಕೂಡಿಕೊಂಡು ಕರೆಂಟ್ ಹರಿಯುತ್ತದೆ. ಡಯಲ್ ತಿರುಗಿಸುವಾಗ ಏನೂ ಆಗುವುದಿಲ್ಲ. ಬೆರಳು ಬಿಟ್ಟು ಅದು ವಾಪಸ್ ಬರುವಾಗ ಆ ಕರೆಂಟನ್ನು ಕತ್ತರಿಸಿ ಕತ್ತರಿಸಿ ಬಿಡುತ್ತದೆ. ಮೂರಕ್ಕೆ ಮೂರು ಸಲ, ಒಂಬತ್ತಕ್ಕೆ ಒಂಬತ್ತು ಸಲ, ಸೊನ್ನೆಗೆ ಹತ್ತು ಸಲ. ನಮ್ಮ ಊರಿನ ಎಸ್‌ಟಿಡಿ ಕೋಡ್ 08532 ಹೊಡೆದರೆ ಲೈನು ಇಪ್ಪತ್ತೆಂಟು ಸಲ ಕಡಿದು ಕೂಡಿದ ಹಾಗೆ. ಕೊಂಡಿ ಕುಟ್ಟುವವರ ಗುಟ್ಟೂ ಇದೇ. ಕೊಂಡಿ ಒತ್ತಿ ಬಿಟ್ಟರೂ ಕರೆಂಟ್ ಕಡಿಯುತ್ತದಲ್ಲ.

ಎಕ್ಸ್‌ಚೇಂಜಿನ ಆ ಕಡೆ ಈ ಒಂದೊಂದು ಕಡಿತಕ್ಕೂ ಒಂದು ಯಂತ್ರ ಒಂದೊಂದು ಮೆಟ್ಟಿಲು ಹತ್ತುತ್ತಿತ್ತು. ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಬಾತ 1891ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು. ಆತ ಇಂಜಿನಿಯರ್ ಅಲ್ಲ, ಶವಸಂಸ್ಕಾರದ ವ್ಯಾಪಾರದವನು! ನಮ್ಮ ದೇಶದಲ್ಲೂ ಬಹಳ ಕಾಲ ಸ್ಟ್ರೌಜರ್ ಎಕ್ಸ್‌ಚೇಂಜುಗಳೇ ಇದ್ದವು, ಐಟಿಐ ಅವನ್ನೂ ಮಾಡುತ್ತಿತ್ತು. ಆ ಯಂತ್ರಕ್ಕೆ ಹತ್ತಲು ಸಮಯ ಬೇಕು. ಅದಕ್ಕೇ ಡಯಲಿನ ವೇಗ ಸೆಕೆಂಡಿಗೆ ಹತ್ತು ಕಡಿತ ಅಂತ ನಿಗದಿಯಾಯಿತು. ಡಯಲಿನ ಕಡಿತ ಅರ್ಥವಾಗುವ ಈಗಿನ ಎಲೆಕ್ಟ್ರಾನಿಕ್ ಡಬ್ಬಿಗಳೂ ಹೆಚ್ಚುಕಡಿಮೆ ಅದೇ ವೇಗವನ್ನು ನಿರೀಕ್ಷಿಸುತ್ತವೆ.

ಹಾಗಾದರೆ ಅಳೆಯುವುದು ಹೇಗೆ? ಮೊಬೈಲಿನ ವಾಯ್ಸ್ ರೆಕಾರ್ಡರ್ ಆನ್ ಮಾಡಿ, ಡಯಲ್ ಪಕ್ಕ ಇಟ್ಟು ಸೊನ್ನೆ ತಿರುಗಿಸಿ ಬಿಡಿ. ರೆಕಾರ್ಡಿನ ಅಲೆಯಲ್ಲಿ ಟಿಕ್‌ಗಳು ಎದ್ದು ಕಾಣುತ್ತವೆ. ಹತ್ತು ಟಿಕ್ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯಬೇಕು. ಒಂದೂವರೆ ಸೆಕೆಂಡ್ ಹಿಡಿದರೆ ನಿಧಾನ, ನಂಬರ್ ತಪ್ಪಿ ಹೋಗುತ್ತದೆ.

ನಿಧಾನಕ್ಕೆ ಕಾರಣ ಗವರ್ನರ್. ಡಯಲಿನ ಹಿಂದೆ ಒಂದು ಪುಟ್ಟ ಬಟ್ಟಲಿನೊಳಗೆ ಎರಡು ಸಣ್ಣ ಗುಂಡುಗಳು ಗಿರಗಿರ ತಿರುಗುತ್ತವೆ. ವೇಗ ಹೆಚ್ಚಾದರೆ ಅವು ಹೊರಕ್ಕೆ ಚಾಚಿ ಬಟ್ಟಲಿಗೆ ಉಜ್ಜಿ ವೇಗ ಇಳಿಸುತ್ತವೆ. ಆ ಬಟ್ಟಲು ಒಣಗಿರಬೇಕು. ನಮ್ಮ ಕಡೆ ಏನು ಬಿಗಿಯಾದರೂ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ಇದೆ. ಡಯಲಿಗೂ ಬಿಟ್ಟಿರುತ್ತಾರೆ. ಅದು ದೂಳಿನ ಜೊತೆ ಸೇರಿ ಗಟ್ಟಿ ಅಂಟಾಗುತ್ತದೆ. ಸ್ಪ್ರೇ ಡಬ್ಬಿ ತಂದು ಪುಸ್ ಅನ್ನಿಸುವುದೂ ಅಷ್ಟೇ ಕೆಟ್ಟದ್ದು, ಒಂದು ವಾರ ಚೆನ್ನಾಗಿ ತಿರುಗಿ ಮತ್ತೆ ಹಿಡಿದುಕೊಳ್ಳುತ್ತದೆ.

ಸರಿಯಾದ ದಾರಿ ಇದು. ಡಯಲನ್ನು ಬಾಡಿಯಿಂದ ಬಿಡಿಸಿಕೊಳ್ಳಿ. ಹಿಂದಿನ ದೊಡ್ಡ ಸ್ಪ್ರಿಂಗ್ ಮುಟ್ಟಬೇಡಿ, ಬಿಚ್ಚಿಕೊಂಡರೆ ಎಷ್ಟು ಸುತ್ತು ಇತ್ತು ಅಂತ ತಿಳಿಯದೆ ಪರದಾಡಬೇಕಾಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ (ಮೊಬೈಲ್ ರಿಪೇರಿಯವರು ಐಪಿಎ ಅನ್ನುತ್ತಾರೆ, ಅವರ ಸಾಮಾನಿನ ಅಂಗಡಿಯಲ್ಲೇ ಸಿಗುತ್ತದೆ) ಸಣ್ಣ ಬ್ರಷ್‌ನಲ್ಲಿ ಅದ್ದಿ ಗವರ್ನರ್, ಹಲ್ಲುಚಕ್ರ ತೊಳೆಯಿರಿ. ಡಯಲ್ ತಿರುಗಿಸಿ ಬಿಡಿ, ಮತ್ತೆ ತೊಳೆಯಿರಿ. ಕಂದು ನೀರು ಬರುವುದು ನಿಲ್ಲುವವರೆಗೆ ಹೀಗೇ. ಅಂಕಿ ಬರೆದ ಕಡೆ ಮಾತ್ರ ಐಪಿಎ ತಾಗಿಸಬೇಡಿ, ಅಂಕಿಯೇ ಅಳಿಸಿ ಹೋಗಬಹುದು. ಒಣಗಿದ ಮೇಲೆ ಅಚ್ಚು ಕೂರುವ ಜಾಗಗಳಿಗೆ ಮತ್ತು ಹಲ್ಲುಚಕ್ರಕ್ಕೆ ಸೂಜಿಯ ತುದಿಯಿಂದ ಒಂದೊಂದು ಹನಿ ಗಡಿಯಾರದ ಎಣ್ಣೆ. ಅದು ಸಿಗದಿದ್ದರೆ ಹೊಲಿಗೆ ಮೆಷಿನ್ ಎಣ್ಣೆ ನಡೆಯುತ್ತದೆ. ಗವರ್ನರ್ ಬಟ್ಟಲಿಗೆ ಬೇಡ, ಬೇಡ.

ತೊಳೆದ ಮೇಲೂ ವೇಗ ಸರಿಯಿಲ್ಲದಿದ್ದರೆ ಗುಂಡುಗಳನ್ನು ಹಿಡಿದ ಪಟ್ಟಿಯನ್ನು ಚಿಮಟದಿಂದ ಒಂದಿಷ್ಟೇ ಇಷ್ಟು ಒಳಕ್ಕೆ ಬಗ್ಗಿಸಿದರೆ ವೇಗ ಹೆಚ್ಚುತ್ತದೆ, ಹೊರಕ್ಕೆ ಬಗ್ಗಿಸಿದರೆ ಇಳಿಯುತ್ತದೆ. ಆದರೆ ನೂರಕ್ಕೆ ತೊಂಬತ್ತು ಡಯಲಿಗೆ ಇದರ ಅಗತ್ಯವೇ ಬರುವುದಿಲ್ಲ ಅಂತ ನನ್ನ ಅನುಭವ. ತೊಳೆಯದೆ ಬಗ್ಗಿಸಲು ಹೋಗುವವರೇ ಜಾಸ್ತಿ.

ಇನ್ನು ಕಾಂಟ್ಯಾಕ್ಟ್ ಪಟ್ಟಿಗಳು. ಕಡಿದು ಕೂಡುವುದು ಇವೇ. ಎಮರಿ ಪೇಪರ್ ಹಾಕಿ ಉಜ್ಜಿದರೆ ಮೇಲಿನ ಒಳ್ಳೆ ಲೋಹ ಹೋಗುತ್ತದೆ. ಲಗ್ನಪತ್ರಿಕೆಯಂಥ ದಪ್ಪ ಕಾಗದದ ಪಟ್ಟಿ ಕತ್ತರಿಸಿ, ಐಪಿಎ ಹಚ್ಚಿ, ಎರಡು ಕಾಂಟ್ಯಾಕ್ಟ್ ನಡುವೆ ಇಟ್ಟು ಮೆಲ್ಲಗೆ ಎಳೆಯಿರಿ. ಕಾಗದ ಕರಿಯಾಗುತ್ತದೆ. ಬಿಳಿಯಾಗಿ ಬರುವವರೆಗೆ ಎಳೆಯಿರಿ. ಪಕ್ಕದಲ್ಲಿ ಇನ್ನೊಂದು ಜೋಡಿ ಪಟ್ಟಿ ಇರುತ್ತದೆ. ಡಯಲ್ ತಿರುಗುವಾಗ ನಮ್ಮ ಕಿವಿಗೆ ಟಕಟಕ ಬಡಿಯದ ಹಾಗೆ ರಿಸೀವರನ್ನು ಮೌನವಾಗಿಡುವ ಕೆಲಸ ಅದರದು. ಅದನ್ನೂ ಹಾಗೇ ಸ್ವಚ್ಛ ಮಾಡಿ. ಇವನ್ನು ಬಗ್ಗಿಸಬೇಡಿ.

ಗಂಟೆ ಮತ್ತು ಕಂಡೆನ್ಸರ್

ಇದು ನನ್ನ ಮನೆ ಕೆಲಸ ಇದ್ದ ಹಾಗೆ. ಬೆಲ್ ಕಾಯಿಲನ್ನು ಬೇರೆ ಮಾಡಿ ಮೀಟರಿನಲ್ಲಿ ಓಮ್ ನೋಡಿ. ಎರಡು ಕಾಯಿಲ್ ಸೇರಿ ಸಾವಿರ ಓಮ್ ಆಸುಪಾಸು ಬರುವುದು ಸಾಮಾನ್ಯ. ಏನೂ ತೋರಿಸದಿದ್ದರೆ ತಂತಿ ಎಲ್ಲೋ ಹರಿದಿದೆ. ಮೊದಲು ಹೊರಗಿನ ತುದಿಗಳನ್ನೇ ನೋಡಿ, ಹೆಚ್ಚಿನ ಸಲ ಸಾಲ್ಡರ್ ಮಾಡಿದ ಜಾಗದಲ್ಲೇ ಕಿತ್ತಿರುತ್ತದೆ. ಒಳಗೆ ಹರಿದಿದ್ದರೆ ಹೊಸದಾಗಿ ಸುತ್ತಬೇಕು. ತಂತಿ ಕೂದಲಿನಷ್ಟು ಸಣ್ಣ, ಬೋರ್‌ವೆಲ್ ಮೋಟರ್ ಸುತ್ತುವ ಕೈಗೆ ಅದು ತಪಸ್ಸೇ. ಆಗದವರು ಇನ್ನೊಂದು ಹಾಳು ಫೋನಿನ ಬೆಲ್ ಹಾಕಿಕೊಳ್ಳುವುದು ಮೇಲು.

ಗಂಟೆಯ ಬಟ್ಟಲುಗಳ ತೂತು ನಡುಮಧ್ಯದಿಂದ ಸ್ವಲ್ಪ ಆಚೆ ಇರುತ್ತದೆ. ಸ್ಕ್ರೂ ಸಡಿಲಿಸಿ ಬಟ್ಟಲನ್ನು ತಿರುಗಿಸಿದರೆ ಅದು ಬಡಿಗೆಗೆ ಹತ್ತಿರವೋ ದೂರವೋ ಆಗುತ್ತದೆ. ಬಡಿಗೆ ಬಡಿದ ಮೇಲೆ ಬಟ್ಟಲಿಗೆ ಅಂಟಿ ನಿಲ್ಲಬಾರದು, ನಿಂತರೆ ಸದ್ದು ಸತ್ತು ಹೋಗುತ್ತದೆ.

ಬೆಲ್ಲಿನ ಜೊತೆ ಸಾಲಿನಲ್ಲಿ ಒಂದು ಕಂಡೆನ್ಸರ್ ಇರುತ್ತದೆ, ಸುಮಾರು 2 ಮೈಕ್ರೋಫ್ಯಾರಡ್. ಡಿಸಿಯನ್ನು ತಡೆದು ರಿಂಗಿನ ಎಸಿಯನ್ನು ಮಾತ್ರ ಬಿಡುವುದು ಅದರ ಕೆಲಸ. ಹಳತಾಗಿ ಸೋರಲು ಶುರುವಾದರೆ ರಿಸೀವರ್ ಇಟ್ಟಿದ್ದರೂ ಲೈನು ಎತ್ತಿದ ಹಾಗೆ ಕಾಣುತ್ತದೆ, ನಿಮಗೆ ಫೋನ್ ಮಾಡಿದವರಿಗೆ ಸದಾ ಎಂಗೇಜ್. ನಾನು ಇದನ್ನು ಪರೀಕ್ಷೆ ಮಾಡುತ್ತಾ ಕೂರುವುದಿಲ್ಲ, ಕಣ್ಣು ಮುಚ್ಚಿ ಬದಲಿಸುತ್ತೇನೆ. 2.2 ಮೈಕ್ರೋಫ್ಯಾರಡ್, 250 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರ್ ತನ್ನಿ. ಪ್ಲಸ್ ಮೈನಸ್ ಗುರುತಿರುವ ಎಲೆಕ್ಟ್ರೋಲೈಟಿಕ್ ಬೇಡ. ಹಳೆ ಡಬ್ಬಿಯನ್ನು ಅಲ್ಲೇ ಬಿಟ್ಟು, ಅದರ ತಂತಿ ಮಾತ್ರ ಬಿಡಿಸಿ ಹೊಸದನ್ನು ಪಕ್ಕದಲ್ಲಿ ಅಡಗಿಸಿದರೆ ಒಳಗಿನ ನೋಟ ಕೆಡುವುದಿಲ್ಲ.

ಬೆಲ್ ಪರೀಕ್ಷಿಸಲು ಮನೆಯ 230 ವೋಲ್ಟ್ ತೋರಿಸುವ ಧೈರ್ಯ ಯಾರೂ ಮಾಡಬೇಡಿ.

ಮಾತು

ಬಾಯಿಯ ಕಡೆಯ ಬಿಲ್ಲೆಯೊಳಗೆ ಕಾರ್ಬನ್ ಕಾಳುಗಳಿವೆ. ದನಿಗೆ ಅವು ಒತ್ತಿ ಸಡಿಲವಾಗಿ ಕರೆಂಟ್ ಏರಿಳಿಯುತ್ತದೆ. ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಕಾಳು ಕಚ್ಚಿಕೊಂಡು ದನಿ ಕ್ಷೀಣವಾಗುತ್ತದೆ. ಬಿಲ್ಲೆಯನ್ನು ಅಂಗೈಗೆ ಹತ್ತಾರು ಸಲ ಬಡಿದು ಅಲ್ಲಾಡಿಸಿ. ಅಷ್ಟಕ್ಕೇ ಎಷ್ಟೋ ಸರಿಹೋಗುತ್ತವೆ. ತೇವ ಹೊಕ್ಕಿದ್ದರೆ ಸರಿಯಾಗಲ್ಲ, ಬೇರೆ ಬಿಲ್ಲೆ ಹಾಕಬೇಕು. ಬಿಚ್ಚಲು ಹೋಗಬೇಡಿ, ಕಾಳು ಚೆಲ್ಲಿದರೆ ಮುಗಿಯಿತು. ಕಿವಿಯ ಕಡೆ ತೆಳು ತಗಡು ಇರುವ ಹಳೆ ಮಾದರಿಯಾದರೆ ತಗಡನ್ನು ಮೇಲಕ್ಕೆ ಎಬ್ಬಿಸಬೇಡಿ, ಪಕ್ಕಕ್ಕೆ ಜಾರಿಸಿ ತೆಗೆಯಿರಿ. ಎಬ್ಬಿಸಿದರೆ ಬಾಗುತ್ತದೆ. ಮ್ಯಾಗ್ನೆಟ್ಟಿಗೆ ಅಂಟಿದ ಕಬ್ಬಿಣದ ಪುಡಿಯನ್ನು ಟೇಪ್ ಒತ್ತಿ ಎತ್ತಿ.

ರಿಸೀವರ್ ದಾರ ಕತ್ತರಿಸಿ ಸಾಲ್ಡರ್ ಮಾಡಲು ಹೋದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಅದರೊಳಗೆ ಇರುವುದು ತಂತಿಯಲ್ಲ, ಹತ್ತಿಯ ನೂಲಿಗೆ ಸುತ್ತಿದ ತೆಳು ತಾಮ್ರದ ಪಟ್ಟಿ. ಬಗ್ಗಿ ಬಗ್ಗಿ ಹರಿಯದಿರಲಿ ಅಂತ ಹಾಗೆ ಮಾಡಿದ್ದಾರೆ. ಬಿಸಿ ತಾಗಿದರೆ ನೂಲು ಸುಟ್ಟು ತುಂಡಾಗುತ್ತದೆ. ತುದಿಗೆ ತೆಳು ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ, ಲಗ್ (ಸ್ಕ್ರೂಗೆ ಸಿಕ್ಕಿಸುವ ಲೋಹದ ತುದಿ) ಹಾಕಿ ಇಕ್ಕಳದಿಂದ ಒತ್ತುವುದೇ ದಾರಿ.

ಲೈನ್ ಇಲ್ಲದೆಯೂ ಪರೀಕ್ಷೆ ಮಾಡಬಹುದು. 12 ವೋಲ್ಟ್ ಬೈಕ್ ಬ್ಯಾಟರಿ, 220 ಓಮಿನ 1 ವ್ಯಾಟ್ ರೆಸಿಸ್ಟರ್, ಎರಡು ಫೋನು, ಎಲ್ಲವನ್ನೂ ಒಂದೇ ಸಾಲಿನಲ್ಲಿ ಸುತ್ತು ಬರುವ ಹಾಗೆ ಕೂಡಿಸಿ. ಎರಡೂ ರಿಸೀವರ್ ಎತ್ತಿದರೆ ಮಾತು ಕೇಳುತ್ತದೆ, ಗಂಟೆ ಮಾತ್ರ ಹೊಡೆಯಲ್ಲ. ಒಬ್ಬರು ಐದು ಡಯಲ್ ಮಾಡಿದರೆ ಇನ್ನೊಬ್ಬರ ಕಿವಿಗೆ ಐದು ಟಿಕ್ ಕೇಳಬೇಕು. ನಮ್ಮ ಮನೆಯಾಕೆಗೆ ಈ ಪರೀಕ್ಷೆಯ ಮೇಲೆ ಸಿಟ್ಟು. ಅಡುಗೆ ನಡುವೆ ಕರೆದು "ಎಷ್ಟು ಟಿಕ್ ಬಂತು?" ಅಂತ ಕೇಳಿದರೆ ಯಾರಿಗೆ ಬರಲ್ಲ ಹೇಳಿ.

ಹೊಳಪು

ಬೆರಳಿನಿಂದ ಜೋರಾಗಿ ಉಜ್ಜಿ ಬಿಸಿಯಾದಾಗ ಮೂಸಿ ನೋಡಿ. ಕಾರ್ಬಾಲಿಕ್ ವಾಸನೆ ಬಂದರೆ ಬೇಕಲೈಟ್, ಅಂದರೆ ಹಳೆ ಕಾಲದ ಗಡಸು ಪ್ಲಾಸ್ಟಿಕ್. ಅದಕ್ಕೆ ಸ್ಯಾಂಡ್ ಪೇಪರ್ ಹಾಕಬೇಡಿ, ಮೇಲಿನ ಪದರ ಹೋದರೆ ಒಳಗಿನ ಮಂಕು ಕಂದು ಕಾಣುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಬ್ರಾಸೋ ಹಾಕಿ ತಾಳ್ಮೆಯಿಂದ ಉಜ್ಜಿ, ಕಡೆಗೆ ಕರಿ ಬೂಟ್ ಪಾಲಿಶ್. ಬಿರುಕಿಗೆ ಅರಾಲ್ಡೈಟ್‌ನಲ್ಲಿ ಕರಿ ಪುಡಿ ಕಲಸಿ ತುಂಬಿ. ಪೇಂಟ್ ಹೊಡೆದ ಫೋನು ನನಗೆ ತೋರಿಸಲೇಬೇಡಿ.

ಬಿಳಿ, ಬೂದು ಬಣ್ಣದ ಪ್ಲಾಸ್ಟಿಕ್ ಫೋನು ಹಳದಿಯಾಗಿದ್ದರೆ ದಾರಿಯೇ ಬೇರೆ. ಪಾರ್ಲರಿಗೆ ಸಾಮಾನು ಮಾರುವ ಅಂಗಡಿಯಲ್ಲಿ 40 ವಾಲ್ಯೂಮ್ ಕ್ರೀಮ್ ಸಿಗುತ್ತದೆ, ಅಂದರೆ 12 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್. ಕೈಗವಸು ಹಾಕಿ, ಖಾಲಿ ಬಾಡಿಗೆ ಸಮನಾಗಿ ಬಳಿದು, ಒಣಗದ ಹಾಗೆ ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ ಬಿಸಿಲಿಗಿಡಿ. ಆಗಾಗ ತಿರುಗಿಸಿ, ಕ್ರೀಮ್ ಸವರಿ. ರಾಯಚೂರಿನ ಏಪ್ರಿಲ್, ಮೇ ಬಿಸಿಲಿಗೆ ಮಾತ್ರ ಇಡಬೇಡಿ, ಬಾಡಿಯೇ ಸೊಟ್ಟಗಾದೀತು. ಡಿಸೆಂಬರ್ ಬಿಸಿಲು ಸಾಕು.

ಲೈನಿಗೆ ಹಾಕುವುದು

ತಾಮ್ರದ ಲೈನು ಇನ್ನೂ ಇರುವವರು ಪುಣ್ಯವಂತರು. ಎರಡು ತಂತಿಯನ್ನು ಗೋಡೆಯ ಮೇಲಿನ ರೋಸೆಟ್ ಬಾಕ್ಸಿಗೆ (ಲೈನು ಬಂದು ಸೇರುವ ಪುಟ್ಟ ಡಬ್ಬಿ) ಕೂಡಿಸಿ, ಹೆಚ್ಚಿನ ಕಡೆ ಡಯಲ್ ಇನ್ನೂ ಕೆಲಸ ಮಾಡುತ್ತದೆ. ಫೈಬರ್ ಇರುವವರು ಡಬ್ಬಿಯ ಫೋನ್ ಪೋರ್ಟಿಗೆ ಹಾಕಬೇಕು. ಚಿಕ್ಕ ಜಾಕಿನ ನಡುವಿನ ಎರಡು ಪಿನ್ ಬಳಸಿ. ಬಂದ ಕಾಲ್‌ಗೆ ಗಂಟೆ ಹೊಡೆಯುತ್ತದೆ, ಮಾತೂ ಆಗುತ್ತದೆ. ಆದರೆ ಎಷ್ಟೋ ಡಬ್ಬಿಗಳಿಗೆ ಡಯಲಿನ ಕಡಿತ ಅರ್ಥವಾಗಲ್ಲ, ಅವಕ್ಕೆ ಬಟನ್ ಫೋನಿನ ಕುಂಯ್ ಕುಂಯ್ ದನಿಯೇ ಬೇಕು. ಆಗ ಪಲ್ಸನ್ನು ಟೋನ್ ಮಾಡುವ ಪುಟ್ಟ ಸರ್ಕ್ಯೂಟನ್ನು ಫೋನಿನೊಳಗೆ ಕೂರಿಸಬೇಕು. ಇಂಟರ್ನೆಟ್ ಕಾಲ್ ಮಾಡುವವರು ಎಟಿಎ ಡಬ್ಬಿ (ಹಳೆ ಫೋನನ್ನು ಇಂಟರ್ನೆಟ್ಟಿಗೆ ಕೂಡಿಸುವುದು) ಕೊಳ್ಳುವಾಗಲೇ ಪಲ್ಸ್ ಡಯಲಿಂಗ್ ಇದೆಯಾ ಅಂತ ಕೇಳಿ. ಒಂದೇ ಪೋರ್ಟಿಗೆ ಎರಡು ಹಳೆ ಫೋನು ಹಾಕಬೇಡಿ, ಎರಡು ಗಂಟೆ ಹೊಡೆಸುವ ಶಕ್ತಿ ಹೆಚ್ಚಿನ ಡಬ್ಬಿಗಳಿಗಿಲ್ಲ. ಬ್ಯಾಂಕಿನವರು "ಕನ್ನಡಕ್ಕಾಗಿ ಒಂದನ್ನು ಒತ್ತಿ" ಅಂದಾಗ ಡಯಲ್ ತಿರುಗಿಸಿ ಪ್ರಯೋಜನವಿಲ್ಲ, ಮೊಬೈಲ್ ತಗೊಳ್ಳಿ.

ಸರಿಯಾಗದ ಫೋನನ್ನು ಎಸೆಯಬೇಡಿ. ಡಯಲ್, ಬಿಲ್ಲೆ, ಕೊಂಡಿಯ ಸ್ಪ್ರಿಂಗ್, ರಬ್ಬರ್ ಕಾಲು ಎಲ್ಲಾ ಮುಂದಿನದಕ್ಕೆ ಬೇಕು. ಅದರಲ್ಲೂ ಸ್ಕ್ರೂಗಳು. ಹಳೆ ಬ್ರಿಟಿಷ್ ಮಾದರಿಯ ಫೋನುಗಳಲ್ಲಿ ಬಿಎ (ಬ್ರಿಟಿಷ್ ಅಸೋಸಿಯೇಷನ್) ಅಳತೆಯ ಸ್ಕ್ರೂ ಇರುತ್ತದೆ. ಈಗಿನ ಎಂಎಂ ಅಳತೆಯದನ್ನು ಒತ್ತಿ ತಿರುಗಿಸಿದರೆ ಎರಡು ಸುತ್ತು ಹೋಗುತ್ತದೆ, ಮೂರನೆಯದಕ್ಕೆ ಥ್ರೆಡ್ ಕಿತ್ತು ಬರುತ್ತದೆ.